"ಎಲ್ಲಿ ನೋಡ್ಬೇಕು ಅಕ್ಕ?"

ಹನ್ನೊಂದು ವರ್ಷ ಬಾಸ್ಕೆಟ್‌ಬಾಲ್ ಆಡಿಯೇ ಸಂಬಳ ತಗೊಂಡೋಳು ನಾನು. ನಮ್ಮ ಕಡೆ ಹೆಣ್ಮಕ್ಕಳಿಗೆ ಪ್ರೊಫೆಷನಲ್ ಪ್ಲೇಯರ್ ಅಂದ್ರೆ ಹೆಚ್ಚುಕಮ್ಮಿ ಅದೇ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಅರ್ಧ ದಿನ ಆಫೀಸು, ಇನ್ನರ್ಧ ದಿನ ಗ್ರೌಂಡು, ಡಿಪಾರ್ಟ್‌ಮೆಂಟ್ ಟೀಮಿಗೆ ಆಡೋದು. ಮೊಣಕಾಲಿಗೆ ಎರಡನೇ ಸಲ ಪೆಟ್ಟು ಬಿದ್ದ ಮೇಲೆ ಆಟ ನಿಲ್ಲಿಸಿ ಒಂದು ಡಿಗ್ರಿ ಕಾಲೇಜಿನ ಹುಡುಗೀರ ಟೀಮಿಗೆ ಕೋಚ್ ಆದೆ. ಈಗ ನಾಲ್ಕನೇ ವರ್ಷ ನಡೀತಿದೆ.

ನಾನು ಪಾಯಿಂಟ್ ಗಾರ್ಡ್ ಆಗಿದ್ದೋಳು, ಬಾಲ್ ತಗೊಂಡು ಹೋಗಿ ಆಟ ಕಟ್ಟೋ ಜಾಗ ಅದು. ಹಾಗಾಗಿ ಮೊದಲನೇ ವರ್ಷ ನಮ್ಮ ಪಾಯಿಂಟ್ ಗಾರ್ಡ್ ಹುಡುಗಿ ಮೇಲೇ ನನ್ನ ಕಣ್ಣೆಲ್ಲ. ಸೈಡ್‌ಲೈನಲ್ಲಿ ನಿಂತು ದಿನಾ ಅದೇ ಕೂಗು, "ತಲೆ ಎತ್ತು, ನೋಡು, ನೋಡೇ!" ಅವಳು ತಲೆ ಎತ್ತೋಳು, ನೋಡೋಳು, ಆದ್ರೂ ಬಾಲ್ ಹೋಗಿ ಎದುರಾಳಿ ಕೈಗೇ. ಒಂದಿನ ಬೆಳಿಗ್ಗೆ ಪ್ರಾಕ್ಟೀಸಲ್ಲಿ ಇದೇ ಮೂರು ಸಲ ಆಯ್ತು, ನಾಲ್ಕನೇ ಸಲ ನಾನು ಕೂಗಿದಾಗ ಅವಳು ಬಾಲ್ ಹೊಟ್ಟೆಗೆ ಒತ್ತಿ ಹಿಡ್ಕೊಂಡು ನಿಂತ್ಬಿಟ್ಲು, ಕಣ್ಣಲ್ಲಿ ನೀರು. "ಎಲ್ಲಿ ನೋಡ್ಬೇಕು ಅಕ್ಕ?" ಅಂದ್ಲು.

ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಜವಾಗ್ಲೂ ಇರ್ಲಿಲ್ಲ. ಹನ್ನೊಂದು ವರ್ಷ ನಾನು ಎಲ್ಲಿ ನೋಡ್ತಿದ್ದೆ ಅಂತ ನನಗೇ ಗೊತ್ತಿಲ್ಲ, ಕೈ ತಾನೇ ಪಾಸ್ ಮಾಡ್ತಿತ್ತು.

ಆವತ್ತು ಸಾಯಂಕಾಲ ನಾಲ್ಕು ಜನ ಹುಡುಗೀರನ್ನ ನಿಲ್ಲಿಸಿ ನಾನೇ ಬಾಲ್ ತಗೊಂಡೆ, ಪಿಕ್ ಅಂಡ್ ರೋಲ್ ಆಡಿದ್ವಿ (ನನ್ನನ್ನ ಗಾರ್ಡ್ ಮಾಡೋ, ಅಂದ್ರೆ ತಡೆಯೋ ಎದುರಾಳಿಗೆ ನನ್ನ ಟೀಮ್‌ಮೇಟ್ ಅಡ್ಡ ನಿಲ್ತಾಳೆ, ಅದೇ ಸ್ಕ್ರೀನ್, ಆಮೇಲೆ ಬುಟ್ಟಿ ಕಡೆ ತಿರುಗಿ ಹೋಗ್ತಾಳೆ), ಓಡಲ್ಲ, ನಡಿಗೆಯಲ್ಲೇ, ಒಬ್ಬಳು ಮೊಬೈಲಲ್ಲಿ ನನ್ನ ಮುಖಾನೇ ವಿಡಿಯೋ ಮಾಡಿದ್ಲು. ರಾತ್ರಿ ಮನೇಲಿ ಕೂತು ಅದನ್ನ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಾನು ನನ್ನ ಟೀಮ್‌ಮೇಟ್ ಕಡೆ ನೋಡ್ತಾನೇ ಇರ್ಲಿಲ್ಲ! ಸ್ಕ್ರೀನ್ ಹಾಕಕ್ಕೆ ಬಂದೋಳನ್ನ ಯಾರು ಗಾರ್ಡ್ ಮಾಡ್ತಿದಾಳೋ ಅವಳ ಕಾಲು ನೋಡ್ತಿದ್ದೆ. ಆ ಕಾಲು ಸ್ಕ್ರೀನ್ ದಾಟಿ ನನ್ನ ಕಡೆ ಬಂತು ಅಂದ್ರೆ ಅವಳ ಬೆನ್ನ ಹಿಂದೆ ಜಾಗ ಖಾಲಿ, ನೆಲಕ್ಕೆ ಪುಟಿಸಿ ಕೊಡೋ ಬೌನ್ಸ್ ಪಾಸ್ ಅಲ್ಲಿಗೇ. ಕಾಲು ಬುಟ್ಟಿ ಮುಂದಿನ ಚೌಕ, ಅಂದ್ರೆ ಪೇಂಟ್ ಒಳಗೇ ಉಳೀತು ಅಂದ್ರೆ ಪಾಸ್ ಬೇಡ, ಆ ಚೌಕದ ಮುಂದಿನ ಗೆರೆ, ಫ್ರೀ ಥ್ರೋ ಲೈನ್ ಹತ್ರ ನಿಂತು ನಾನೇ ಶಾಟ್ ಹೊಡೀಬೇಕು. ಅಷ್ಟೇ ವಿಷಯ. ಅಷ್ಟನ್ನ ಹೇಳದೆ ಒಂದಿಡೀ ವರ್ಷ ಆ ಮಗೂನ ಬೈದಿದೀನಿ. ಮಾರನೇ ದಿನ ಎಲ್ಲರ ಮುಂದೆ ಅವಳಿಗೆ ಸಾರಿ ಕೇಳ್ದೆ, "ಕಾಲು ನೋಡು, ಬೇರೆ ಏನೂ ನೋಡ್ಬೇಡ" ಅಂದೆ. ಒಂದು ವಾರದಲ್ಲಿ ಅವಳ ಪಾಸ್ ಬೇರೆ ಥರಾನೇ ಆಯ್ತು.

ಆಮೇಲೆ ನನ್ನ ಥರ ಆಟದಿಂದ ಕಾಲೇಜ್ ಕೋಚಿಂಗಿಗೆ ಬಂದೋರು ಏನು ಮಾಡಿದ್ರು ಅಂತ ಹುಡುಕಿ ಓದಕ್ಕೆ ಶುರು ಮಾಡ್ದೆ. ಪ್ಯಾಟ್ರಿಕ್ ಯೂಯಿಂಗ್ ಅಮೆರಿಕದ ದೊಡ್ಡ ಪ್ರೊಫೆಷನಲ್ ಲೀಗ್ ಎನ್‌ಬಿಎಯಲ್ಲಿ 11 ಸಲ ಆಲ್‌ಸ್ಟಾರ್, ಅಂದ್ರೆ ಲೀಗಿನ ಟಾಪ್ ಆಟಗಾರರ ಪಂದ್ಯಕ್ಕೆ ಆಯ್ಕೆ, ಆಮೇಲೆ ಅಲ್ಲೇ ವರ್ಷಗಟ್ಟಲೆ ಅಸಿಸ್ಟೆಂಟ್ ಕೋಚ್. ಅಂಥವರು 2017ರಲ್ಲಿ ತಾವೇ ಓದಿ ಆಡಿದ್ದ ಜಾರ್ಜ್‌ಟೌನ್ ಯೂನಿವರ್ಸಿಟಿಗೆ ಕೋಚ್ ಆಗಿ ಹೋಗಿ 2021ರಲ್ಲಿ ಬಿಗ್ ಈಸ್ಟ್ ಅನ್ನೋ ಕಾಲೇಜ್ ಲೀಗಿನ ಟೂರ್ನಮೆಂಟ್ ಗೆಲ್ಲಿಸಿದ್ರು, ಅದರ ಮುಂದಿನ ಸೀಸನ್‌ನಲ್ಲಿ ಅದೇ ಬಿಗ್ ಈಸ್ಟ್ ಲೀಗಿನ 19 ಮ್ಯಾಚೂ ಸೋತ್ರು. ಅವರಿಗೆ ಆಟ ಗೊತ್ತಿಲ್ಲ ಅಂತ ಯಾರು ಹೇಳಕ್ಕಾಗತ್ತೆ? ಈ ಕೆಲಸ ಅಷ್ಟು ಕಷ್ಟ.

ನನ್ನ ಮನಸ್ಸಲ್ಲಿ ಕೂತಿದ್ದು ಮಾತ್ರ ಅಮೆರಿಕದ ಆಟಗಾರ್ತಿ ಡಾನ್ ಸ್ಟೇಲಿ. ಐದಡಿ ಆರಿಂಚು, ನನ್ನ ಹಾಗೇ ಪಾಯಿಂಟ್ ಗಾರ್ಡ್, 1996, 2000, 2004 ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ. 2000ದಲ್ಲಿ ಟೆಂಪಲ್ ಯೂನಿವರ್ಸಿಟಿಗೆ ಕೋಚ್ ಆದಾಗ ಅವರಿನ್ನೂ ಹೆಂಗಸರ ಪ್ರೊಫೆಷನಲ್ ಲೀಗ್ ಡಬ್ಲ್ಯೂಎನ್‌ಬಿಎ ಆಡ್ತಿದ್ರು, ಬೇಸಿಗೆಯಲ್ಲಿ ಆಟ, ಚಳಿಗಾಲದಲ್ಲಿ ಕೋಚಿಂಗ್, 2006ರವರೆಗೂ ಹೀಗೇ. ಇದನ್ನ ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯ್ತು, ಯಾಕಂದ್ರೆ ಆಟ ಇನ್ನೂ ಮೈಯಲ್ಲಿ ಇರುವಾಗ್ಲೇ ಅದನ್ನ ಹುಡುಗೀರಿಗೆ ಮಾತಲ್ಲಿ ಹೇಳೋ ಅವಕಾಶ ಅವರಿಗೆ ಸಿಕ್ತು, ನಾನು ಆಟ ಬಿಟ್ಟ ಮೇಲೆ ನೆನಪಿಂದ ಹೆಕ್ಕಿ ತೆಗೀಬೇಕು. 2008ರಲ್ಲಿ ಸೌತ್ ಕೆರೊಲಿನಾ ಯೂನಿವರ್ಸಿಟಿಗೆ ಹೋದ್ರು, ಮೊದಲನೇ ಸೀಸನ್ 10 ಗೆಲುವು, 18 ಸೋಲು. ದೇಶದ ಕಾಲೇಜ್ ಚಾಂಪಿಯನ್ ಆಗಿದ್ದು 2017ರಲ್ಲಿ, ಆಮೇಲೆ 2022, 2024, ಆ 2024ರಲ್ಲಂತೂ ಆಡಿದ 38 ಮ್ಯಾಚೂ ಗೆದ್ದು. ಆ 10, 18ನ್ನ ನಾನು ಡೈರಿ ಮೊದಲನೇ ಪುಟದಲ್ಲಿ ಬರ್ಕೊಂಡಿದೀನಿ. ಕಪ್ ಯಾವಾಗ ಮೇಡಂ ಅಂತ ಯಾರಾದ್ರೂ ಕೇಳಿದ ದಿನ ತೆಗೆದು ನೋಡ್ತೀನಿ.

ಆಟ ಬಿಟ್ಟು ಕೋಚ್ ಆಗ್ತಿರೋ ಗೆಳತಿಯರಿಗೆ ಒಂದು ಮಾತು, ಮೈಗೆ ಬರೋದನ್ನೆಲ್ಲ ಈಗ್ಲೇ ವಿಡಿಯೋ ಮಾಡಿಟ್ಕೊಳ್ಳಿ, ಮೊಣಕಾಲು ಚೆನ್ನಾಗಿರುವಾಗ್ಲೇ. ಮೊನ್ನೆ ಅದೇ ಹುಡುಗಿ ಮತ್ತೆ ಬಂದ್ಲು, ಈಗ ಫೈನಲ್ ಇಯರ್, "ಎಡಗಡೆಯಿಂದ ಹೋದ್ರೆ ನಂಗೆ ಕಾಲು ಕಾಣಲ್ಲ ಅಕ್ಕ, ಸ್ಕ್ರೀನ್ ಹಾಕಿದವಳೇ ಅಡ್ಡ ಬರ್ತಾಳೆ" ಅಂತ. ಇದಕ್ಕೂ ನನ್ನ ಹತ್ರ ಉತ್ತರ ಇಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ ನಾಲ್ಕು ಜನಕ್ಕೆ ಬರಕ್ಕೆ ಹೇಳಿದೀನಿ, ಫೋನ್ ಚಾರ್ಜಿಗೆ ಹಾಕಿದೀನಿ.