ಎಣ್ಣೆ ಎಲ್ಲಿಗೆ ಹೋಗುತ್ತಿದೆ? ಹಳೆಯ ಸ್ಪ್ಲೆಂಡರಿನ ಕೆಲಸದ ದಾಖಲೆ

ಮೇ ಕೊನೆಯ ವಾರ

ಅಪ್ಪನ 2008ರ ಸ್ಪ್ಲೆಂಡರ್ ಪ್ಲಸ್ ನನ್ನ ಸುಪರ್ದಿಗೆ ಬಂದಿದೆ. ಹೀರೋ ಮತ್ತು ಹೋಂಡಾ ಇನ್ನೂ ಒಟ್ಟು ಕುಟುಂಬದಲ್ಲಿದ್ದ ಕಾಲದ ಗಾಡಿ. 97.2 ಸಿ.ಸಿ. ಎಂಜಿನ್, ನಾಲ್ಕು ಗೇರ್, ಹೊಟ್ಟೆಯಲ್ಲಿ ಒಂದು ಲೀಟರಿಗೂ ಕಡಿಮೆ ಎಣ್ಣೆ. ಅಷ್ಟರಲ್ಲೇ ಪಿಸ್ಟನ್, ಗೇರ್, ಕ್ಲಚ್ ಮೂರರ ಬದುಕೂ ನಡೆಯಬೇಕು.

ಎಣ್ಣೆ ಬದಲಿಸಲೆಂದು ಸಾಗರದ ಪೇಟೆಗೆ ಒಂದು ಸುತ್ತು ಹೋಗಿ ಬಂದು, ಎಂಜಿನ್ ಬೆಚ್ಚಗಿರುವಾಗಲೇ ಡಬಲ್ ಸ್ಟ್ಯಾಂಡ್ ಹಾಕಿದೆ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ. ತೀರಾ ಬಿಸಿಯಿದ್ದರೆ ಬೋಲ್ಟ್ ಕಳಚುವ ಹೊತ್ತಿಗೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ, ಆದ್ದರಿಂದ ಹತ್ತು ನಿಮಿಷ ಬಿಟ್ಟೆ. ಎಣ್ಣೆ ಬಸಿಯುವ ಡ್ರೈನ್ ಬೋಲ್ಟ್ ಎಂಜಿನ್ನಿನ ಅಡಿಯಲ್ಲಿದೆ, ಹದಿನೇಳರ (17 ಮಿ.ಮೀ.) ರಿಂಗ್ ಸ್ಪ್ಯಾನರ್ ಕೂರುತ್ತದೆ. ಇಲ್ಲಿ ದಿಕ್ಕಿನ ಗೊಂದಲ ಬಹಳ ಜನರಿಗೆ ಆಗುತ್ತದೆ. ಬೋಲ್ಟಿನ ತಲೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಸಡಿಲಿಸುವುದು ಅಪ್ರದಕ್ಷಿಣವಾಗಿ. ಆದರೆ ನಾವು ಮೇಲಿನಿಂದ ಬಗ್ಗಿ ಕೈ ಹಾಕುವುದರಿಂದ ಎಲ್ಲವೂ ತಿರುವುಮುರುವು. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಾ ಹೋದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋಗುತ್ತದೆ. ಆಮೇಲೆ ಲೇತ್ ಅಂಗಡಿಗೆ ಹೋಗಿ ಬುಷ್ ಹಾಕಿಸುವುದೇ ಗತಿ. ನೆಲದ ಮೇಲೆ ಒರಗಿ, ಬೋಲ್ಟಿನ ಮುಖ ಕಂಡ ಮೇಲೆಯೇ ಸ್ಪ್ಯಾನರ್ ಇಡುವುದು ಒಳ್ಳೆಯದು.

ಹಿಂದೆ ಯಾರೋ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದಿರಬೇಕು, ಬೋಲ್ಟ್ ಕಿರುಗುಟ್ಟುತ್ತಲೇ ಬಂತು. ವಾಷರ್ ಚಪ್ಪಟೆಯಾಗಿ ಬೋಲ್ಟಿಗೇ ಅಂಟಿಕೊಂಡಿತ್ತು. ಎಣ್ಣೆ ಮೊದಲು ಧಾರೆಯಾಗಿ, ಆಮೇಲೆ ದಾರವಾಗಿ, ಕೊನೆಗೆ ಹನಿಯಾಗಿ ಇಳಿಯಿತು. ಗಾಡಿಯನ್ನು ಸ್ವಲ್ಪ ಅತ್ತಿತ್ತ ವಾಲಿಸಿದೆ. ಇಳಿದದ್ದನ್ನು ಗೆರೆ ಹಾಕಿದ ನೀರಿನ ಬಾಟಲಿಗೆ ಸುರಿದು ನೋಡಿದರೆ ಅರ್ಧ ಲೀಟರ್ ಮುಟ್ಟುವುದೂ ಕಷ್ಟ!

ಅಪ್ಪನ ವಾದ ಇಷ್ಟೇ: "ಪ್ರತಿ ಸಲ ಸರಿಯಾಗಿ ಬದಲಿಸಿದ್ದೇನಲ್ಲೋ, ಸರ್ವಿಸ್ ಕಾರ್ಡ್ ನೋಡು." ಕಾರ್ಡ್ ನೋಡಿದೆ. ಬದಲಿಸಿದ್ದು ನಿಜ. ಎರಡು ಬದಲಾವಣೆಗಳ ನಡುವೆ ಯಾರೂ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎತ್ತಿ ನೋಡಿಲ್ಲ, ಅಷ್ಟೇ. ಆದ್ದರಿಂದ ಈ ದಾಖಲೆಯ ವಿಷಯ ಎಣ್ಣೆ ಬದಲಿಸುವುದಕ್ಕಿಂತ ಹೆಚ್ಚಾಗಿ ಎಣ್ಣೆ ಅಳೆಯುವುದು.

ಅದೇ ದಿನ ಸಂಜೆ

ಹೊಸ ಎಣ್ಣೆ 10ಡಬ್ಲ್ಯು-30, ಅದು ಎಣ್ಣೆಯ ಮಂದತನದ ದರ್ಜೆ. ಡಬ್ಬಿಯ ಹಿಂಬದಿಯಲ್ಲಿ ನಾನು ಹುಡುಕುವುದು ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು. ಇದು ಜಪಾನಿನ ವಾಹನ ಮಾನಕ ಸಂಸ್ಥೆಯದು, ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಜಾರುವುದಿಲ್ಲ ಎಂಬುದಕ್ಕೆ ಆಧಾರ. ಕಾರಿಗೆ ತಂದು ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯುವ ಜಾಣರು ಪ್ರತಿ ಬೀದಿಯಲ್ಲೂ ಇದ್ದಾರೆ. ಇಂಧನ ಉಳಿತಾಯಕ್ಕೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆತ ಎಣ್ಣೆಯಾದರೆ, ಘಾಟಿ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಹೊಸ ವಾಷರ್ ಹಾಕಿ, ಬೋಲ್ಟನ್ನು ಬೆರಳಿನಲ್ಲೇ ಪೂರ್ತಿ ತಿರುಗಿಸಿ, ವಾಷರ್ ಕುಳಿತ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು. ಡಬ್ಬಿಯನ್ನು ಒಂದೇ ಸಲ ಬಗ್ಗಿಸಲಿಲ್ಲ. ಬರಿದು ಮಾಡಿದರೂ ಹಳೆಯ ಎಣ್ಣೆ ಒಳಗಿನ ದಾರಿಗಳಲ್ಲಿ ಒಂದಿಷ್ಟು ಉಳಿದಿರುತ್ತದೆ. ಬರೀ ಬದಲಿಸುವಾಗ ಇಷ್ಟು, ಎಂಜಿನ್ ಬಿಚ್ಚಿ ಜೋಡಿಸಿದಾಗ ಇಷ್ಟು ಎಂದು ಎರಡು ಅಳತೆ ಇರುವುದು ಅದಕ್ಕೇ. ಮೊದಲು 700 ಮಿ.ಲೀ. ಹಾಕಿ, ಉಳಿದದ್ದನ್ನು ಕಡ್ಡಿ ನೋಡುತ್ತಾ ಸಿರಿಂಜಿನಲ್ಲಿ ಹಾಕಿದೆ. ಸಿರಿಂಜ್ ದನದ ಔಷಧದ ಅಂಗಡಿಯದು, 50 ಮಿ.ಲೀ.ಯದ್ದು. ಇಂತಹ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ಕಾಣೆ.

ಈಗ ಕಡ್ಡಿ. ಎಂಜಿನ್ನಿನ ಬಲಗಡೆಯ ಕಪ್ಪು ಮುಚ್ಚಳಕ್ಕೇ ಅಂಟಿಕೊಂಡಿದೆ. ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್, ಮೂರು ನಾಲ್ಕು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಎರಡು ಮೂರು ನಿಮಿಷ ಕಾಯುವುದು. ಕಡ್ಡಿ ಒರೆಸಿ, ತೂತಿನಲ್ಲಿ ಬರಿದೇ ಇಳಿಬಿಟ್ಟು ತೆಗೆಯಬೇಕು, ತಿರುಗಿಸಿ ಬಿಗಿಯಬಾರದು. ಬಿಗಿದರೆ ಕಡ್ಡಿ ಇನ್ನಷ್ಟು ಆಳಕ್ಕೆ ಮುಳುಗುತ್ತದೆ, ಎಣ್ಣೆ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ. ಬೇಕೆಂದೇ ಎರಡು ರೀತಿಯಲ್ಲೂ ನೋಡಿದೆ: ಬಿಗಿದಾಗ ಮೇಲಿನ ಗೆರೆ ದಾಟಿತ್ತು, ಇಳಿಬಿಟ್ಟಾಗ ಇನ್ನೂ ಅರ್ಧದಲ್ಲಿತ್ತು. ಬೇರೆ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಕೈಪಿಡಿ ನೋಡಿಕೊಳ್ಳುವುದು ಕ್ಷೇಮ. ಮೇಲಿನ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿದೆ. ಹೆಚ್ಚು ಸುರಿದರೂ ಕೇಡೇ.

ಖಾಲಿ ಡಬ್ಬಿಯನ್ನು ಚಾಕುವಿನಿಂದ ಸೀಳಿ ಗುಜರಿಗೆ ಹಾಕಿದೆ. ಇಡಿಯಾಗಿ ಕೊಟ್ಟ ಡಬ್ಬಿ ಕಲಬೆರಕೆ ಎಣ್ಣೆ ತುಂಬಿಕೊಂಡು ಮತ್ತೆ ಮಾರುಕಟ್ಟೆಗೆ ಬರುವ ಸಾಧ್ಯತೆ ಇರುತ್ತದೆ.

ಜೂನ್, ಮಳೆ ಹಿಡಿದಿದೆ

ವಾರಕ್ಕೊಮ್ಮೆ ಕಡ್ಡಿ ನೋಡುತ್ತಿದ್ದೇನೆ. ಬಣ್ಣ ಆಗಲೇ ಕಪ್ಪಾಗಿದೆ ಎಂದು ಗೆಳೆಯನೊಬ್ಬ ಹೌಹಾರಿದ. ಕಪ್ಪಾದರೆ ಕೆಟ್ಟಿತು ಎಂದೇನೂ ಅಲ್ಲ, ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದೂ ಎಣ್ಣೆಯ ಕೆಲಸವೇ. ನನಗೆ ಗಾಬರಿಯಾಗಿದ್ದು ಮುಚ್ಚಳದ ಒಳಮೈಯಲ್ಲಿ ಕಂಡ ಬಿಳಿ ನೊರೆಯಿಂದ. ಮನೆಯಿಂದ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಒಳಗಿನ ತೇವ ಆವಿಯಾಗದೆ ಎಣ್ಣೆಯೊಡನೆ ಕಲೆಯುತ್ತದೆ. ತಾಳಗುಪ್ಪದಾಚೆಗೆ, ಜೋಗದವರೆಗೆ ಒಂದೇ ಸಮನೆ ಓಡಿಸಿ ಬಂದೆ. ಮರುದಿನ ಮುಚ್ಚಳ ಸ್ವಚ್ಛ. ಇಡೀ ಎಣ್ಣೆಯೇ ಹಾಲು ಬೆರೆಸಿದಂತೆ ಆಗಿದ್ದರೆ ಮಾತು ಬೇರೆ, ಆಗ ಒಂದು ಮೈಲಿಯೂ ಓಡಿಸದೆ ಬರಿದು ಮಾಡಬೇಕಿತ್ತು.

ಮಟ್ಟ ಮಾತ್ರ ಇಳಿಯುತ್ತಲೇ ಇದೆ. ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಎರಡು ಸಿರಿಂಜ್, ಅಂದರೆ 100 ಮಿ.ಲೀ. ದೊಡ್ಡ ಎಂಜಿನ್ನಿಗೆ ಇದು ಲೆಕ್ಕಕ್ಕಿಲ್ಲ. ಇಷ್ಟೇ ಎಣ್ಣೆಯ ಗಾಡಿ ಮೂರು ಸಾವಿರ ಓಡುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಮೇ ತಿಂಗಳ ಅರ್ಧ ಲೀಟರಿನ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

ಜುಲೈ

ಎಣ್ಣೆ ಉರಿಯುತ್ತಿದೆಯೋ ಸೋರುತ್ತಿದೆಯೋ? ಬೆಳಿಗ್ಗೆ ಮೊದಲ ಕಿಕ್‌ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ, ಆಕ್ಸಿಲರೇಟರ್ ತಿರುಗಿಸಿ ಎಳೆದಾಗ ಬಂದರೆ ಪಿಸ್ಟನ್ ರಿಂಗಿನ ಮೇಲೆ. ತಮ್ಮನನ್ನು ಹಿಂದೆ ನಿಲ್ಲಿಸಿ ನೋಡಿಸಿದೆ. ಎರಡೂ ಇಲ್ಲ.

ಹಾಗಾದರೆ ಸೋರಿಕೆ. ಎಡಗಡೆ ಚೈನಿನ ಕವರ್ ಒಳಗೆ ಸದಾ ಜಿಡ್ಡು ಇರುತ್ತದೆ, ಚೈನಿಗೆ ಹಾಕಿದ ಎಣ್ಣೆಯೇ ಎಂದು ಎಲ್ಲರೂ ನಂಬಿಕೊಂಡಿದ್ದೆವು. ಆ ಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ತಿಕ್ಕಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ ಒಂದು ಸುತ್ತು ಓಡಿಸಿದೆ. ಗೇರ್ ಶಾಫ್ಟ್ ಹೊರಬರುವ ಜಾಗದಲ್ಲಿ ಬಿಳಿ ಪೌಡರ್ ಮೇಲೆ ಅರ್ಧಚಂದ್ರಾಕಾರದ ಒದ್ದೆ ಗುರುತು, ಅಲ್ಲಿಂದ ಕೆಳಕ್ಕೆ ಒಂದು ಸಣ್ಣ ಕಂದು ಗೆರೆ. ಅಮ್ಮನಿಗೆ ಪೌಡರ್ ಡಬ್ಬಿ ವಾಪಸು ಕೊಟ್ಟಾಗ ಅದರ ಮೇಲೆ ನನ್ನ ಹೆಬ್ಬೆರಳಿನ ಮುದ್ರೆ ಸ್ಪಷ್ಟವಾಗಿತ್ತು.

ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯೇ ಆಯಿಲ್ ಸೀಲ್, ಹೊಸದರ ಬೆಲೆ ತೀರಾ ಕಡಿಮೆ. ಎಂಜಿನ್ ಬಿಚ್ಚಬೇಕಾಗಿಲ್ಲ. ಗೇರ್ ಲಿವರ್ ತೆಗೆದು, ಹಳೆಯ ಸೀಲನ್ನು ಶಾಫ್ಟಿಗೆ ಗೀರು ಬೀಳದಂತೆ ಎಬ್ಬಿಸಿ, ಹೊಸದರ ತುಟಿಗೆ ಎಣ್ಣೆ ಸವರಿ, ಹೊಂದುವ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ. ಹಳೆಯದು ಉಗುರಿಗೆ ತಾಗಿದರೆ ಕಟಕ್ ಎನ್ನುವಷ್ಟು ಗಟ್ಟಿಯಾಗಿತ್ತು.

ಆಗಸ್ಟ್

ಮಟ್ಟ ನಿಂತಲ್ಲೇ ನಿಂತಿದೆ. ಸಿರಿಂಜಿಗೆ ಕೆಲಸವಿಲ್ಲ.

ಹಳೆಯ ಎಣ್ಣೆಯ ಕ್ಯಾನ್ ಮಾತ್ರ ಮೂಲೆಯಲ್ಲಿದೆ. ಪಕ್ಕದ ಮನೆ ಕಟ್ಟುತ್ತಿರುವ ಮೇಸ್ತ್ರಿ ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿದರು, ಬೇಲಿಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಇನ್ನೊಬ್ಬರು ಕೇಳಿದರು. ಈ ಮಳೆಯಲ್ಲಿ ಬಳಿದದ್ದೆಲ್ಲ ತೊಳೆದುಕೊಂಡು ಬಾವಿಯ ಕಡೆಗೇ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಬಳಸಿದ ಎಣ್ಣೆ ಬರುತ್ತದೆ. ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿನ ಪೀಪಾಯಿಗೆ ಸುರಿದು ಬರಲು ಮಾತಾಡಿಟ್ಟಿದ್ದೇನೆ. ಮೇಸ್ತ್ರಿಗೆ ಸ್ವಲ್ಪ ಬೇಸರವಾಗಿದೆ.

ಮುಂದಿನ ಕೆಲಸ ಬಲಗಡೆಯದು. ಈ ಎಂಜಿನ್ನಿಗೆ ಬದಲಿಸುವ ಕಾಗದದ ಫಿಲ್ಟರ್ ಇಲ್ಲ. ಜಾಲರಿಯೊಂದು, ಅದರ ಜೊತೆಗೆ ಗಿರಗಿರನೆ ತಿರುಗಿ ಕೊಳೆಯನ್ನು ಅಂಚಿಗೆ ಎಸೆಯುವ ಸೆಂಟ್ರಿಫ್ಯೂಗಲ್ ಫಿಲ್ಟರ್. ಅದನ್ನು ತಲುಪಲು ಕಿಕ್ ಲಿವರ್ ತೆಗೆಯಬೇಕು, ಕ್ಲಚ್ ಕೇಬಲ್ ಬಿಡಿಸಬೇಕು, ಎಂಟರ ಸ್ಪ್ಯಾನರಿನ ಬೋಲ್ಟುಗಳನ್ನೆಲ್ಲ ಬಿಚ್ಚಿ ಕವರ್ ಕಳಚಬೇಕು. ಹದಿನಾರು ವರ್ಷಕ್ಕೂ ಹಳೆಯ ಗಾಡಿ, ಕಾರ್ಡಿನಲ್ಲಿ ಎಲ್ಲಿಯೂ ಅದರ ಸುದ್ದಿಯಿಲ್ಲ. ಕವರ್ ಮತ್ತೆ ಕೂರಿಸುವಾಗ ಸಂದಿಗೆ ಇಡುವ ಗ್ಯಾಸ್ಕೆಟ್ ತಂದಿಟ್ಟಿದ್ದೇನೆ.