ಸಾಂತಿಯಾಗೊದ ಒಂದು ಮಧ್ಯಾಹ್ನ

ಹವಾನಾದ ಹಳೆಯ ಚೌಕಗಳಲ್ಲಿ ಊಟದ ಮೇಜುಗಳ ನಡುವೆ ಪ್ರವಾಸಿಗರಿಗೆಂದೇ ನುಡಿಸುವ ಸಂಗೀತ ನನಗೆ ರುಚಿಸಲಿಲ್ಲ. ಎಲ್ಲ ಕಡೆಯೂ ಅವೇ ಹಾಡುಗಳು, ಅದೇ ಅವಸರ. ಕ್ಯೂಬಾದ ಹಳೆಯ ಪ್ರೇಮಗೀತೆಗಳನ್ನು ಕೇಳಲು ದ್ವೀಪದ ಪೂರ್ವ ಭಾಗದ ಸಾಂತಿಯಾಗೊಗೆ ಹೋಗಬೇಕು. ಪೆಪೆ ಸಾಂಚೆಸ್ ಎಂಬ ದರ್ಜಿ 1880ರ ದಶಕದಲ್ಲಿ ‘ತ್ರಿಸ್ತೇಸಾಸ್’ ಎಂಬ ಬೊಲೆರೊ, ಅಂದರೆ ನಿಧಾನ ಲಯದ ಪ್ರೇಮಗೀತೆ, ಕಟ್ಟಿದ್ದು ಆ ಊರಿನಲ್ಲಿ. ಬೊಲೆರೊಗಳಲ್ಲಿ ಅದೇ ಮೊದಲನೆಯದೆಂದು ಹೇಳುತ್ತಾರೆ.

ರಾತ್ರಿ ಬಸ್ಸಿನ ಎಸಿ ಮೂಳೆ ಕೊರೆಯುವಂತಿತ್ತು. ಸ್ವೆಟರ್ ಇದ್ದ ಪೆಟ್ಟಿಗೆಯನ್ನು ಕೆಳಗಿನ ಡಿಕ್ಕಿಗೆ ಹಾಕಿಸಿದ ಚಾಲಕ, ಎಷ್ಟು ಬೇಡಿಕೊಂಡರೂ ಅದನ್ನು ತೆರೆಯಲಿಲ್ಲ. ಬೆಚ್ಚನೆಯ ಬಟ್ಟೆ ಕೈಚೀಲದಲ್ಲೇ ಇರಲಿ.

ಎರೆದಿಯಾ ಬೀದಿಯ ‘ಕಾಸಾ ದೆ ಲಾ ತ್ರೋವಾ’ ಎಂಬ ಹಾಡುಗಾರರ ಮನೆಗೆ ಹಗಲಿನಲ್ಲೇ ಹೋಗಿ. ರಾತ್ರಿ ಅಲ್ಲಿ ಕುಣಿತದ ಗದ್ದಲ. ಆ ಮಧ್ಯಾಹ್ನ ಇಬ್ಬರು ಮುದುಕರು ಗಿಟಾರ್ ಹಿಡಿದು ಕುಳಿತಿದ್ದರು. ಒಬ್ಬರದು ಮೇಲಿನ ದನಿ, ಇನ್ನೊಬ್ಬರದು ಅದರ ಕೆಳಗೆ ಬೇರೆಯೇ ದಾರಿ ಹಿಡಿದು ಸಾಗುವ ಎರಡನೆಯ ದನಿ. ಅವರು ಹಾಡಿದ್ದು ಕ್ಯೂಬಾದ ಗಾಯಕಿ ಮರಿಯಾ ತೆರೇಸಾ ವೇರಾ ರಾಗ ಹಾಕಿದ ‘ವೇಯಿಂತೆ ಆನ್ಯೋಸ್’, ಅಂದರೆ ಇಪ್ಪತ್ತು ವರ್ಷಗಳು. ನೀನೇ ನನ್ನನ್ನು ಪ್ರೀತಿಸದಿದ್ದ ಮೇಲೆ ನನ್ನ ಪ್ರೀತಿಯಿಂದ ನಿನಗೇನು ಎಂದು ಅದು ಆರಂಭವಾಗುತ್ತದೆ. ಕಳೆದುಹೋದ ಪ್ರೀತಿಯನ್ನು ನೆನೆಯಬಾರದು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡು, ಮರುಕ್ಷಣವೇ ನೆನೆಯತೊಡಗುತ್ತದೆ. ಬಿಟ್ಟು ಹೋದವನಿಗೆ ಶಾಪವಿಲ್ಲ, ಬಾ ಎಂಬ ಗೋಗರೆತವೂ ಇಲ್ಲ. ಬಯಸಿದ್ದೆಲ್ಲ ಕೈಗೆಟಕುವಂತಿದ್ದರೆ ನೀನು ಇಂದಿಗೂ ಅಂದಿನಂತೆಯೇ ಪ್ರೀತಿಸುತ್ತಿದ್ದೆ ಎನ್ನುವಲ್ಲಿ ನನ್ನ ಕಣ್ಣು ತುಂಬಿತು.

ಬಿಡುವಿನಲ್ಲಿ ಎರಡನೆಯ ದನಿಯವರು ಪಕ್ಕಕ್ಕೆ ಬಂದು ಕುಳಿತರು. ಅವರ ಅರೆಬರೆ ಇಂಗ್ಲಿಷ್, ನನ್ನ ಅರೆಬರೆ ಸ್ಪ್ಯಾನಿಷ್.

“ಅಳು ಬಂತಾ ಮಗಳೇ? ಆ ಮಾತುಗಳನ್ನು ಬರೆದದ್ದು ಮರಿಯಾ ತೆರೇಸಾ ಅಲ್ಲ, ಅವರ ಬಾಲ್ಯದ ಗೆಳತಿ ಗಿಯೆರ್ಮಿನಾ ಅರಂಬೂರು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡ ಅವಳನ್ನು ಬಿಟ್ಟು ಹೋದ. ಬರೆದುಕೊಟ್ಟಳು, ಹೆಸರು ಮಾತ್ರ ಹೇಳಬೇಡ ಎಂದಳು.”

“ಹಾಗಾದರೆ ನೀವಾದರೂ ಹಾಡುವ ಮೊದಲು ಆಕೆಯ ಹೆಸರು ಹೇಳಬಾರದೇ?”

“ಬೇಡವೆಂದಿದ್ದಳಲ್ಲ.”

“ಅದು 1930ರ ದಶಕದ ಮಾತು. ಈಗ ಯಾರಿಗೆ ನೋವಾಗುತ್ತದೆ?”

ಅವರು ಗಿಟಾರಿನ ತಂತಿ ಬಿಗಿ ಮಾಡುತ್ತಾ ತಲೆಯಾಡಿಸಿದರು. “ಮಾತು ಕೊಟ್ಟ ಮೇಲೆ ಮುಗಿಯಿತು ಮಗಳೇ. ಕೇಳಿದವರಿಗೆ ಹೀಗೆ ಕೂತು ಹೇಳುತ್ತೇನೆ, ವೇದಿಕೆಯ ಮೇಲೆ ಹೇಳುವುದಿಲ್ಲ.”

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಷ್ಟು ಚೆನ್ನಾಗಿ ಬರೆದವಳ ಹೆಸರು ವೇದಿಕೆಯ ಮೇಲೆಯೇ ಕೇಳಿಬರಬೇಕು. ಅಷ್ಟರಲ್ಲಿ ಹಿಂದಿನ ಬೆಂಚಿನ ಹೆಂಗಸರು ಅದೇ ಹಾಡನ್ನು ಇನ್ನೊಮ್ಮೆ ಹಾಡಿ ಎಂದು ಕೂಗಿದರು. ನನ್ನ ಪಕ್ಕದ ಮುದುಕರು ಎದ್ದು ಹೋದರು.