ಹಳೇ ಫರ್ನೇಸು, ಇಲಿರಾಯನ ಸಂಸಾರ

ಅಮೆರಿಕದ ಕೊಲೊರಾಡೊದ ಲೆಡ್‌ವಿಲ್ 3,000 ಮೀಟರಿಗಿಂತ ಎತ್ತರದ ಊರು. ಅಲ್ಲೇ ಒಂದು ಅಕ್ಟೋಬರ್ ರಾತ್ರಿ ನಮ್ಮ 1984ರ ಮೋಟರ್‌ಹೋಮಿನ (ಚಕ್ರದ ಮೇಲಿನ ಮನೆ) ಫರ್ನೇಸು, ಅಂದರೆ ಒಳಗೆ ಬೆಚ್ಚಗಿಡುವ ಗ್ಯಾಸ್ ಹೀಟರ್, ಕೈಕೊಟ್ಟಿತು. ಫ್ಯಾನು ಗುಂಯ್ ಅನ್ನುತ್ತಿತ್ತು, ಬರುತ್ತಿದ್ದದ್ದು ತಣ್ಣನೆ ಗಾಳಿ. ಅಮ್ಮ ದಾವಣಗೆರೆಯಿಂದ ಕೊಟ್ಟು ಕಳಿಸಿದ್ದ ಕರಿ ಕಂಬಳಿಯೇ ಆ ರಾತ್ರಿ ಕಾಪಾಡಿತು.

ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿ 12.6 ವೋಲ್ಟ್, ಸರಿಯಾಗಿಯೇ ಇದೆ. ಒಲೆ ಉರಿಯುತ್ತಿದೆ, ಅಂದರೆ ಪ್ರೊಪೇನ್ ಗ್ಯಾಸ್ ಇದೆ. ಇನ್ನು ಉಳಿದದ್ದು ಸೇಲ್ ಸ್ವಿಚ್. ಅದೊಂದು ಪುಟ್ಟ ರೆಕ್ಕೆ. ಫ್ಯಾನಿನ ಗಾಳಿ ಅದನ್ನು ಸಾಕಷ್ಟು ತಳ್ಳಿದರೆ ಮಾತ್ರ ಗ್ಯಾಸ್ ವಾಲ್ವ್ ತೆರೆಯುತ್ತದೆ. ಜಾಣ ಏರ್ಪಾಡು, ಅಲ್ವಾ? ಬಿಚ್ಚಿ ನೋಡಿದರೆ ಗಾಳಿ ಊದುವ ಆ ಫ್ಯಾನಿನ ತುಂಬ ಹುಲ್ಲು, ಹತ್ತಿ, ನನ್ನದೇ ಕಾಲುಚೀಲದ ನೂಲು! ಇಲಿರಾಯ ಸಂಸಾರ ಹೂಡಿದ್ದ.

ಅಷ್ಟೇ ಆಗಿದ್ದರೆ ಒರೆಸಿ ಮುಗಿಸುತ್ತಿದ್ದೆ. ಸುಮ್ನೆ ಟಾರ್ಚ್ ಬಿಟ್ಟು ನೋಡಿದೆ, ಹೀಟ್ ಎಕ್ಸ್‌ಚೇಂಜರಿನಲ್ಲಿ (ಉರಿಯ ಹೊಗೆಯನ್ನು ಒಳಗಿನ ಗಾಳಿಗೆ ಸೇರಿಸದೆ ಬಿಸಿ ಮಾತ್ರ ದಾಟಿಸುವ ಲೋಹದ ಪೆಟ್ಟಿಗೆ) ಕೂದಲೆಳೆಯಷ್ಟು ಬಿರುಕು. ಅದರಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೋರಬಹುದು. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. "ಬೆಸುಗೆ ಹಾಕಿಸಿದರಾಯ್ತು" ಅಂದ ಗೆಳೆಯನ ಮಾತಿಗೆ ನಾನು ಒಪ್ಪಲಿಲ್ಲ. ಮಕ್ಕಳು ಮಲಗುವ ಜಾಗ ಅದು.

ಹೊಸ ಫರ್ನೇಸು ಹಳೆಯದಕ್ಕಿಂತ ಚಿಕ್ಕದು. ಗೋಡೆಯ ಕಂಡಿ ಮುಚ್ಚಲು ಅಲ್ಯೂಮಿನಿಯಂ ತಗಡು ಕತ್ತರಿಸಿದೆ, ಬೆರಳೂ ಸ್ವಲ್ಪ ಕತ್ತರಿಸಿತು. ಎರಡು ವಾರಾಂತ್ಯ ಹಿಡಿಯಿತು. ಗ್ಯಾಸಿನ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಹೊಗೆ ಹೊರಹೋಗುವ ಕೊಳವೆಯನ್ನು ಮೂರು ಸಲ ನೋಡಿದೆ. ಆ ವಿಷಾನಿಲ ಸೋರಿದರೆ ಕೂಗುವ ಹೊಸ ಅಲಾರಂ ಕೂಡ ಹಾಕಿದೆ.

ಬಿಸಿ ಎಷ್ಟಿರಬೇಕೆಂದು ನೋಡಿ ಫರ್ನೇಸು ಹಚ್ಚುವ ಹಳೇ ಥರ್ಮೋಸ್ಟಾಟ್ ಮಾತ್ರ ಹಾಗೇ ಇದೆ. ಟಕ್ ಅನ್ನುತ್ತದೆ, ಕೆಲವು ಸೆಕೆಂಡ್ ಸುಮ್ಮನಿರುತ್ತದೆ, ಆಮೇಲೆ ಫರ್ನೇಸು ಭುಗ್!